ಘಮ ಬೇಕೆಂದರೆ ಚಳಿಗೆ ಕಾಯಬೇಕು

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಯ ಗೇಟಿನ ಬಲಕ್ಕೆ, ಬೆಳಗಿನ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ, ಒಂದು ಪಾಪಾ ಮೆಯಾಂ ಗುಲಾಬಿ ಗಿಡವಿದೆ. ಕಡುಗೆಂಪು ಹೂವು. ಮೊಗ್ಗಿದ್ದಾಗ ಹೆಚ್ಚುಕಡಿಮೆ ಕಪ್ಪೇ ಅನ್ನಿಸುತ್ತದೆ. ಅರಳಿದ ಮೇಲೆ ಎಸಳು ಮುಟ್ಟಿದರೆ ಮಖಮಲ್ಲು. ಆದರೆ ನಾನು ಈ ಗಿಡ ತಂದದ್ದು ಬಣ್ಣಕ್ಕಲ್ಲ, ಪರಿಮಳಕ್ಕೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಟವರು ನಮ್ಮ ಗೇಟಿನ ಹತ್ತಿರ ಹೆಜ್ಜೆ ನಿಧಾನ ಮಾಡುತ್ತಾರೆ. ಮೇ ತಿಂಗಳಲ್ಲಿ ಹೂ ಇದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಗಿಡ ಅದೇ, ಮಣ್ಣು ಅದೇ. ಬದಲಾಗಿದ್ದು ಹವೆ ಮಾತ್ರ.

ಪುಣೆಯಲ್ಲಿ ಗುಲಾಬಿಗೇನೂ ಬರ ಇಲ್ಲ. ಇಲ್ಲಿಂದ ಸ್ವಲ್ಪ ದೂರದ ತಳೇಗಾಂವ್, ಮಾವಳ ಕಡೆ ಪಾಲಿಹೌಸುಗಳಲ್ಲಿ ರಾಶಿ ರಾಶಿ ಗುಲಾಬಿ ಬೆಳೆಯುತ್ತಾರೆ. ಫೆಬ್ರುವರಿ ಬಂತೆಂದರೆ ಅದು ಪರದೇಶಕ್ಕೂ ಹೋಗುತ್ತದೆ. ನೋಡಲು ಬಲು ಚೆಂದ. ಮೂಗಿಗೆ ಹಿಡಿದರೆ ಹಸಿ ಎಲೆಯ ವಾಸನೆ ಬಿಟ್ಟು ಏನೂ ಇಲ್ಲ. ಅದು ಬೆಳೆಗಾರರ ತಪ್ಪಲ್ಲ. ಉದ್ದ ದಂಟು, ಬೇಗ ಬಾಡದ ಎಸಳು, ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದರೂ ಮುರುಟದ ಮೊಗ್ಗು, ಇವಕ್ಕಾಗಿಯೇ ಆರಿಸಿದ ತಳಿಗಳು ಅವು. ಆ ಆಯ್ಕೆಯಲ್ಲಿ ಘಮಕ್ಕೆ ಜಾಗ ಸಿಗಲಿಲ್ಲ.

ಇದಕ್ಕೆ ಗಟ್ಟಿ ಕಾರಣವೂ ಇದೆ. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅವರು ಹೋಲಿಸಿ ನೋಡಿದ್ದು ನಮ್ಮ ಇದೇ ಪಾಪಾ ಮೆಯಾಂ ಮತ್ತು ರೂಜ್ ಮೆಯಾಂ ಎಂಬ ಇನ್ನೊಂದು ಗುಲಾಬಿಯನ್ನು. ಎರಡೂ ಕೆಂಪೇ. ಒಂದಕ್ಕೆ ಭರ್ತಿ ಪರಿಮಳ, ಇನ್ನೊಂದಕ್ಕೆ ಇಲ್ಲ. ಪರಿಮಳದ ಹೂವಿನ ಎಸಳಲ್ಲಿ ನುಡ್ಎಕ್ಸ್1 ಎಂಬ ಕಿಣ್ವ ಜೋರಾಗಿ ಕೆಲಸ ಮಾಡುತ್ತದೆ. ಗುಲಾಬಿಯ ಘಮಕ್ಕೆ ಬೇಕಾದ ಜೆರಾನಿಯಾಲ್ ಎಂಬ ಪರಿಮಳದ ವಸ್ತು ತಯಾರಾಗಲು ಅದು ಬೇಕೇ ಬೇಕು. ಪರಿಮಳ ಇಲ್ಲದ ಹೂವಿನಲ್ಲಿ ಆ ಕಿಣ್ವದ ಜೀನ್ ಸುಮ್ನೆ ಕೂತಿರುತ್ತದೆ. "ಗುಲಾಬಿಗೆ ಘಮ ಬರಲು ಯಾವ ಗೊಬ್ಬರ ಹಾಕ್ತೀರಿ?" ಎಂದು ನನ್ನನ್ನು ತುಂಬಾ ಜನ ಕೇಳುತ್ತಾರೆ. ತಳಿಯಲ್ಲಿ ಇಲ್ಲದ ಪರಿಮಳವನ್ನು ಯಾವ ಗೊಬ್ಬರವೂ ತಂದುಕೊಡಲ್ಲ. ಮೊದಲು ತಳಿ, ಆಮೇಲೆ ಹವೆ. ನಮ್ಮ ಆರೈಕೆ ಬರುವುದು ಆಮೇಲೆ.

ಪಾಪಾ ಮೆಯಾಂ ಹೈಬ್ರಿಡ್ ಟೀ ಎಂಬ ಗುಂಪಿನ ಗುಲಾಬಿ, ಅದರ ಮನೆತನವೂ ಒಳ್ಳೆಯದು. ಹೈಬ್ರಿಡ್ ಟೀ ಗುಲಾಬಿಗಳ ಕಥೆ 1867ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಗಿಯೋ ಎಂಬವರು ಬೆಳೆಸಿದ 'ಲಾ ಫ್ರಾನ್ಸ್' ಗುಲಾಬಿಯಿಂದ ಶುರುವಾಯಿತು ಎನ್ನುತ್ತಾರೆ. ಒಂದು ದಂಟಿಗೆ ಒಂದೇ ದೊಡ್ಡ ಹೂ, ಚೂಪು ಮೊಗ್ಗು, ವರ್ಷದಲ್ಲಿ ಹಲವು ಸಲ ಹೂ ಬಿಡುವ ಗುಣ, ಇವೆಲ್ಲ ಈ ಗುಂಪಿನ ಗುರುತು. ಪಾಪಾ ಮೆಯಾಂ ಬಂದಿದ್ದು 1963ರಲ್ಲಿ. ಅದನ್ನು ಬೆಳೆಸಿದ ಅಲೈನ್ ಮೆಯಾಂ ತನ್ನ ಅಜ್ಜನ ಗೌರವಕ್ಕೆ ಆ ಹೆಸರಿಟ್ಟರು. ಕ್ರೈಸ್ಲರ್ ಇಂಪೀರಿಯಲ್ ಮತ್ತು ಚಾರ್ಲ್ಸ್ ಮಲೆರಾಂ ಎಂಬ ಎರಡು ಗುಲಾಬಿಗಳ ಮಗು ಇದು. ಅದೇ ಜೋಡಿಗೆ ಅಮೆರಿಕದಲ್ಲಿ ಹುಟ್ಟಿದ್ದು ಮಿಸ್ಟರ್ ಲಿಂಕನ್ ಮತ್ತು ಒಕ್ಲಹೋಮಾ. ಮೂರೂ ಕಡುಗೆಂಪು, ಮೂರಕ್ಕೂ ಗಾಢ ಪರಿಮಳ. ರೋಗ ತಡೆಯುವ ಶಕ್ತಿಯಲ್ಲಿ ಮಿಸ್ಟರ್ ಲಿಂಕನ್ ಸ್ವಲ್ಪ ಮೇಲು. ಘಮದಲ್ಲಿ ನನಗೆ ಪಾಪಾನೇ ಇಷ್ಟ.

ಮಣ್ಣಿನ ಬಗ್ಗೆ ಜಾಸ್ತಿ ಹೇಳಲ್ಲ. ಪುಣೆಯ ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಗುಲಾಬಿಯ ಬೇರು ನೀರಲ್ಲಿ ನಿಂತರೆ ಕೊಳೆಯುತ್ತದೆ. ಅದಕ್ಕೇ ಒಂದೂವರೆ ಅಡಿ ಗುಂಡಿ ತೋಡಿ, ಆ ಮಣ್ಣಿಗೆ ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಸ್ವಲ್ಪ ಮೂಳೆ ಪುಡಿ ಕಲಸಿ ತುಂಬಿದ್ದೇನೆ. ಸುತ್ತಲಿನ ನೆಲಕ್ಕಿಂತ ಪಾತಿ ತುಸು ಎತ್ತರ. ಇಷ್ಟೇ.

ಮಳೆಗಾಲ ಮಾತ್ರ ಕಷ್ಟದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗಲು ಪುರುಸೊತ್ತೇ ಇರುವುದಿಲ್ಲ. ಕಪ್ಪು ಚುಕ್ಕೆ ರೋಗದ ಶಿಲೀಂಧ್ರಕ್ಕೆ ಅದೇ ಬೇಕು. ಎಲೆ ಸುಮಾರು ಏಳು ಗಂಟೆ ಸತತ ಒದ್ದೆಯಿದ್ದರೆ ಸಾಕು, ಅದು ಒಳಗೆ ಇಳಿಯುತ್ತದೆ. ಆಮೇಲೆ ಎಲೆ ಹಳದಿಯಾಗಿ ಉದುರುತ್ತದೆ. ಉದುರಿದ ಎಲೆಯನ್ನು ನಾನು ಒಂದೂ ಬಿಡದೆ ಆರಿಸಿ ಹೊರಗೆ ಹಾಕುತ್ತೇನೆ. ಕಾಂಪೋಸ್ಟಿಗೆ ಹಾಕುವುದಿಲ್ಲ. ಮಳೆ ನಿಂತ ದಿನ ಬೇವಿನೆಣ್ಣೆ ಸಿಂಪಡಿಸುತ್ತೇನೆ. ಆ ಕಾಲದಲ್ಲಿ ಬರುವ ಮೊಗ್ಗುಗಳನ್ನು ಚಿಕ್ಕದಿರುವಾಗಲೇ ಚಿವುಟಿಬಿಡುತ್ತೇನೆ. ಮಳೆನೀರು ಕುಡಿದ ಮೊಗ್ಗು ಅರಳದೆ ಕೊಳೆಯುತ್ತದೆ, ಗಿಡದ ಶಕ್ತಿಯೂ ಹಾಳು. ಬೆಳೆಯುವಷ್ಟು ಬೆಳೆದುಕೊಳ್ಳಲಿ, ಹೂವಿನ ಮಾತು ಆಮೇಲೆ.

ಅಕ್ಟೋಬರ್ ನಡುವಿಗೆ ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಸವರುವ ಕೆಲಸ. ವರ್ಷದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಇದೇ. ಸತ್ತ ಕೊಂಬೆ, ಪೆನ್ಸಿಲಿಗಿಂತ ಸಣ್ಣ ಕೊಂಬೆ, ಒಳಮುಖವಾಗಿ ಹೋಗಿ ಒಂದಕ್ಕೊಂದು ಉಜ್ಜುವ ಕೊಂಬೆ, ಎಲ್ಲ ತೆಗೆಯುತ್ತೇನೆ. ನಾಲ್ಕೈದು ಗಟ್ಟಿ ಕೊಂಬೆ ಉಳಿಸಿ ಮೊಣಕಾಲಿನ ಎತ್ತರಕ್ಕೆ ಕತ್ತರಿಸುತ್ತೇನೆ. ಹೊರಮುಖದ ಕಣ್ಣಿನ (ಚಿಗುರೊಡೆಯುವ ಜಾಗದ) ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು, ಓರೆಯಾಗಿ. ಕತ್ತರಿ ಹರಿತ ಇರಬೇಕು, ಸ್ಪಿರಿಟಿನಲ್ಲಿ ಒರೆಸಿರಬೇಕು. ಕತ್ತರಿಸಿದ ತುದಿಗೆ ತಾಮ್ರದ ಶಿಲೀಂಧ್ರನಾಶಕದ ಲೇಪ. ಇಲ್ಲದಿದ್ದರೆ ತುದಿಯಿಂದ ಕಪ್ಪಾಗುತ್ತಾ ಕೆಳಗೆ ಇಳಿಯುತ್ತದೆ. ಗುಲಾಬಿ ಬೆಳೆಸುವವರು ಹೆದರುವುದು ಇದಕ್ಕೇ.

ಧಾರವಾಡದಿಂದ ಬಂದ ಅವ್ವ ಮೊದಲ ಸಲ ಇದನ್ನು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು. "ತಮ್ಮಾ, ಇಷ್ಟ್ಯಾಕ ಬೋಳ ಮಾಡಿದ್ಯೋ? ಇನ್ನ ಹೂ ಎಲ್ಲಿಂದ ಬರಬೇಕು?" ಎಂದಳು. "ಡಿಸೆಂಬರ್ ತನಕಾ ತಡಿ ಅವ್ವಾ" ಎಂದೆ. ಸವರಿದ ಮೇಲೆ ಹೂ ಬರಲು ಒಂದೂವರೆ ತಿಂಗಳಿಗಿಂತ ಸ್ವಲ್ಪ ಹೆಚ್ಚು ಬೇಕು. ಅಂದರೆ ಪುಣೆಗೆ ಚಳಿ ಇಳಿಯುವ ಹೊತ್ತಿಗೆ ಸರಿಯಾಗಿ ಮೊಗ್ಗು. ಈಗ ಅವ್ವನೇ ದಸರಾ ಮುಗಿದ ಕೂಡಲೇ "ಕತ್ತರಿ ಹರಿತ ಮಾಡಿಸಿದ್ಯೇನು?" ಎಂದು ಫೋನಿನಲ್ಲಿ ಕೇಳುತ್ತಾಳೆ.

ಚಳಿಗೆ ಇನ್ನೊಂದು ರೋಗ ಕಾದಿರುತ್ತದೆ, ಬೂದಿ ರೋಗ. ಹಗಲು ಬಿಸಿ, ರಾತ್ರಿ ತಂಪು ಇದ್ದರೆ ಎಳೆ ಚಿಗುರಿನ ಮೇಲೆ ಬಿಳಿ ಪುಡಿ ಕೂರುತ್ತದೆ. ಪಾಪಾ ಮೆಯಾಂಗೆ ಇದು ಬೇಗ ಹತ್ತುತ್ತದೆ, ಅದು ಈ ತಳಿಯ ದೊಡ್ಡ ಕೊರತೆ. ವಿಚಿತ್ರ ಏನೆಂದರೆ, ಕಪ್ಪು ಚುಕ್ಕೆಗೆ ಒದ್ದೆ ಎಲೆ ಬೇಕು, ಬೂದಿಗೆ ಒದ್ದೆ ಎಲೆ ಆಗುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಬಿಸಿಲು ಬಂದ ಮೇಲೆ ಪೈಪಿನಿಂದ ಎಲೆ ತೊಳೆಯುತ್ತೇನೆ. ಸಂಜೆಯೊಳಗೆ ಅದು ಒಣಗಬೇಕು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸುವುದೂ ಉಂಟು. ಮನೆಮದ್ದು ಅನ್ನಿಸಬಹುದು, ಆದರೆ ರೋಗ ಶುರುವಾಗುವ ಮುಂಚೆ ಹಿಡಿದರೆ ಕೆಲಸ ಮಾಡುತ್ತದೆ. ಗಿಡದೊಳಗೆ ಇಳಿಯುವ ಕೀಟನಾಶಕ ನಾನು ಮುಟ್ಟುವುದಿಲ್ಲ. ಈ ಎಸಳು ಗುಲ್ಕಂದ್ ಆಗಿ ನಮ್ಮ ಬಾಯಿಗೇ ಬರಬೇಕಲ್ವಾ?

ಈಗ ಘಮದ ಹೊತ್ತಿನ ಮಾತು. ಜನವರಿಯಲ್ಲಿ ಪುಣೆಯ ರಾತ್ರಿ ಹತ್ತು ಡಿಗ್ರಿಯ ಹತ್ತಿರ ಇಳಿಯುತ್ತದೆ, ಮಧ್ಯಾಹ್ನ ಮೂವತ್ತರ ಹತ್ತಿರ ಏರುತ್ತದೆ. ತಂಪಿನಲ್ಲಿ ಮೊಗ್ಗು ನಿಧಾನವಾಗಿ ಬೆಳೆಯುತ್ತದೆ. ಹೂ ದೊಡ್ಡದಾಗುತ್ತದೆ, ಎಸಳು ದಪ್ಪವಾಗುತ್ತದೆ. ಆದರೆ ಬೆಳಗಿನ ಆರಕ್ಕೆ ಹೋಗಿ ಮೂಸಿದರೆ ನಿರಾಸೆ. ಎಸಳು ತಣ್ಣಗಿದ್ದಾಗ ಘಮ ಹೊರಗೆ ಬರುವುದಿಲ್ಲ. ಎಂಟೂವರೆ, ಒಂಬತ್ತಕ್ಕೆ ಎಳೆಬಿಸಿಲು ತಾಕಿ ಎಸಳು ಬೆಚ್ಚಗಾಗುತ್ತಿದ್ದ ಹಾಗೆ ಪರಿಮಳ ತೆರೆದುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಗಾಳಿಯಲ್ಲಿ ಹೋಗಿಬಿಟ್ಟಿರುತ್ತದೆ. ಅರ್ಧ ಅರಳಿದ ಹೂವಿನದೇ ಎಲ್ಲಕ್ಕಿಂತ ಒಳ್ಳೆಯದು. ಏಪ್ರಿಲ್, ಮೇ ಬಿಸಿಲಿಗೆ ಹೂ ಚಿಕ್ಕದು, ಎಸಳಿನ ಅಂಚು ಸುಟ್ಟು ಕರ್ರಗಾಗುತ್ತದೆ, ಘಮ ನಿಲ್ಲುವುದೇ ಇಲ್ಲ. ಆಗ ಮಧ್ಯಾಹ್ನಕ್ಕೆ ಹಸಿರು ಶೇಡ್‌ನೆಟ್ ಕಟ್ಟುತ್ತೇನೆ. ಅದು ಗಿಡ ಉಳಿಸಲು, ಹೂವಿಗಲ್ಲ.

ಪಕ್ಕದ ಮನೆಯ ಕಾಕೂ ದಿನಾ ಒಂದು ಹೂ ಗಣಪತಿಗೆ ಒಯ್ಯುತ್ತಾರೆ. ಉಳಿದ ಎಸಳನ್ನು ನನ್ನ ಹೆಂಡತಿ ಗಾಜಿನ ಭರಣಿಯಲ್ಲಿ ಒಂದು ಪದರ ಎಸಳು, ಒಂದು ಪದರ ಪುಡಿ ಮಾಡಿದ ಕಲ್ಲುಸಕ್ಕರೆ ಹಾಕುತ್ತಾ ಬಿಸಿಲಿಗಿಡುತ್ತಾಳೆ. ನಾಟಿ ಗುಲಾಬಿಯ ಗುಲ್ಕಂದಿಗಿಂತ ಬಣ್ಣ ಗಾಢ, ರುಚಿಯಲ್ಲಿ ತುಸು ಒಗರು. ನಮ್ಮ ಮನೆಯಲ್ಲಿ ಬೇಸಿಗೆಗೆ ಹಾಲಿನ ಜೊತೆ ಅದೇ.

ನೀವೂ ಒಂದು ಗಿಡ ಇಡಬೇಕೆಂದಿದ್ದರೆ ಮಳೆಗಾಲದಲ್ಲಿ ನರ್ಸರಿಗೆ ಹೋಗಬೇಡಿ. ಸೊಲ್ಲಾಪುರ ರಸ್ತೆಯ ಉರುಳಿ ಕಾಂಚನ್ ಕಡೆ ಸಾಲು ಸಾಲು ನರ್ಸರಿಗಳಿವೆ. ಡಿಸೆಂಬರ್‌ನಲ್ಲಿ, ಗಿಡದ ಮೇಲೆ ಹೂ ಇರುವಾಗ, ಬಿಸಿಲು ಬಂದ ಮೇಲೆ ಹೋಗಿ. ಹೆಸರಿನ ಚೀಟಿ ಅದಲುಬದಲಾಗುವುದು ಸಾಮಾನ್ಯ, ಮೂಗನ್ನೇ ನಂಬಿ. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಹೂವಿನ ಪ್ರದರ್ಶನಕ್ಕೂ ಒಮ್ಮೆ ಹೋಗಿ ಬನ್ನಿ, ತರಹೇವಾರಿ ಗುಲಾಬಿ ಒಂದೇ ಕಡೆ ನೋಡಲು ಸಿಗುತ್ತವೆ. ಕೊಳ್ಳುವಾಗ ಕಸಿಯ ಗಂಟು ನೋಡಿ. ಗಂಟಿನ ಮೇಲೆ ಕನಿಷ್ಠ ಎರಡು ಗಟ್ಟಿ ಕೊಂಬೆ ಇರಬೇಕು. ಗಂಟಿನ ಕೆಳಗಿಂದ ಬರುವ ಚಿಗುರು ಕಸಿಗೆ ಬುಡವಾಗಿ ಬಳಸಿದ ಕಾಡು ಗುಲಾಬಿಯದು, ಅದನ್ನು ಬುಡದಿಂದಲೇ ಕಿತ್ತುಹಾಕಿ. ಒಂದು ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಕಸಿಯದು ಎಂದು ಎಣಿಸಿ ಹೇಳುವವರ ಮಾತು ಕೇಳಬೇಡಿ. ಒಳ್ಳೆಯ ಹೈಬ್ರಿಡ್ ಟೀ ಗಿಡದಲ್ಲೂ ಏಳು ಎಲೆ ಬರುತ್ತದೆ. ಚಿಗುರು ಎಲ್ಲಿಂದ ಹುಟ್ಟಿದೆ ಎಂದು ಮಣ್ಣು ಸರಿಸಿ ನೋಡಿಯೇ ಕೈ ಹಾಕಿ.