ಮಥಾರೆಯ ಹುಡುಗರು ಕಾಯುವ ನೈರೋಬಿ

ಚುನಾವಣೆ ಹತ್ತಿರ ಬಂತೆಂದರೆ ಕೀನ್ಯಾದ ರಾಜಧಾನಿ ನೈರೋಬಿಯ ಜನ ಮೊದಲು ಮಾಡುವ ಕೆಲಸ ಮನೆಗೆ ಮೆಕ್ಕೆಜೋಳದ ಹಿಟ್ಟು, ಎಣ್ಣೆ ತಂದಿಟ್ಟುಕೊಳ್ಳುವುದು. ಆಮೇಲೆ ಹೆಂಡತಿ ಮಕ್ಕಳನ್ನು ಊರಿನ ಬಸ್ಸು ಹತ್ತಿಸುವುದು. ಪಾರ್ಕ್‌ಲ್ಯಾಂಡ್ಸ್ ಕಡೆ ಇರುವ ನಮ್ಮಂಥ ಭಾರತೀಯರು ಗೇಟಿನೊಳಗೆ ಟಿ.ವಿ. ಮುಂದೆ ಕೂರುತ್ತೇವೆ. ಊರಿನಿಂದ ಅಮ್ಮ ಮತ್ತೆ ಮತ್ತೆ ಫೋನ್ ಮಾಡಿ ಅಲ್ಲಿ ಗಲಾಟೆಯಂತೆ, ಹೌದೇ ಎಂದು ವಿಚಾರಿಸುತ್ತಾರೆ. ಬೀದಿಯಲ್ಲಿ ಏನೂ ಆಗದ ವರ್ಷವೂ ಈ ಅಂಜಿಕೆ ತಪ್ಪುವುದಿಲ್ಲ. ಅದರ ಬೇರು 2007ರಲ್ಲಿದೆ.

ಆ ವರ್ಷ ಡಿಸೆಂಬರ್ 27ರಂದು ಮತದಾನವಾಯಿತು. ಅಧ್ಯಕ್ಷ ಮ್ವಾಯ್ ಕಿಬಾಕಿ ಮತ್ತೆ ಗೆದ್ದರೆಂದು 30ರಂದು ಘೋಷಣೆಯಾಯಿತು, ಎದುರಾಳಿ ರೈಲಾ ಒಡಿಂಗಾ ಒಪ್ಪಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ದೇಶದಾದ್ಯಂತ 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟರು. ವಿಶ್ವಸಂಸ್ಥೆಯ ಮಾಜಿ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ 2008ರ ಫೆಬ್ರುವರಿ 28ರಂದು ಇಬ್ಬರು ನಾಯಕರೂ ಒಪ್ಪಂದಕ್ಕೆ ಸಹಿ ಹಾಕಿ ಅಧಿಕಾರ ಹಂಚಿಕೊಂಡರು. ಆದರೆ ಮಥಾರೆ, ಕಿಬೆರಾದಂಥ ತಗಡಿನ ಬಡಾವಣೆಗಳಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಟು ಬದುಕಿದ್ದ, ಕಿಬಾಕಿಯವರ ಕಿಕುಯು ಕುಲದ ಮತ್ತು ಒಡಿಂಗಾ ಅವರ ಲುಓ ಕುಲದ ಕುಟುಂಬಗಳು ಓಣಿಯ ಆಚೆಗೊಂದು ಈಚೆಗೊಂದು ಪಾಲಾಗಿದ್ದವು. ಕಲ್ಲು, ಮಚ್ಚು ಹಿಡಿದ ಕೈಗಳು ಬಹುಪಾಲು ಹರೆಯದವರದು. ಹಣ ಕೊಟ್ಟು ಅವರನ್ನು ಬೀದಿಗೆ ಬಿಟ್ಟವರು ನಡುವಯಸ್ಸು ದಾಟಿದವರು. ವಿಚಾರಣೆ ನಡೆಸಿದ ವಾಕಿ ಆಯೋಗವೂ, ಕೆಲವೆಡೆ ರಾಜಕಾರಣಿಗಳು ಮತ್ತು ಉಳ್ಳವರು ಹಿಂಸೆಯನ್ನು ಸಂಘಟಿಸಿದರು ಎಂದೇ ಬರೆಯಿತು.

ನೈರೋಬಿ ಎಂದರೆ ಊರಿನವರಿಗೆ ಒಂದೋ ಸಿಂಹ, ಜಿರಾಫೆ, ಇಲ್ಲವೇ ಗಲಭೆ. ಇವೆರಡರ ನಡುವೆ ನಾನು ಕಂಡದ್ದನ್ನು ಹೇಳಬೇಕು. ಈ ನಗರದಲ್ಲಿ ಶಾಂತಿ ಎಂದು ಏನಾದರೂ ಉಳಿದಿದ್ದರೆ ಅದನ್ನು ದಿನದಿನವೂ ಉಳಿಸುತ್ತಿರುವವರು ಒಟ್ಟಿಗೆ ಕಸ ಎತ್ತುವ, ಒಟ್ಟಿಗೆ ಹಣ ಎಣಿಸುವ ಹುಡುಗ ಹುಡುಗಿಯರು. ಅವರನ್ನು ನಾಳಿನ ನಾಯಕರೆಂದು ಕರೆಯುವುದು ಇಲ್ಲಿಯ ವೇದಿಕೆಗಳ ರೂಢಿ. ನನಗೆ ಆ ಮಾತು ಸರಿ ಕಾಣುವುದಿಲ್ಲ, ಏಕೆಂದರೆ ಅವರು ನಾಯಕತ್ವ ವಹಿಸಿಕೊಂಡು ವರ್ಷಗಳೇ ಆಗಿವೆ.

ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಷನ್ ಶುರುವಾದದ್ದು 1987ರಲ್ಲಿ. ಬಾಬ್ ಮನ್ರೋ ಎಂಬ ಕೆನಡಾದವರು ಇಲ್ಲಿಯ ಮಕ್ಕಳಿಗೆ ಮಾಡಿಕೊಟ್ಟ ಏರ್ಪಾಡು ಬಹಳ ಸರಳ: ಫುಟ್‌ಬಾಲ್ ಆಡಲು ಚೆಂಡು, ರೆಫರಿ ಸಿಗುತ್ತದೆ, ಲೀಗ್ ನಡೆಯುತ್ತದೆ, ಬದಲಿಗೆ ನೀವು ನಿಮ್ಮ ಬಡಾವಣೆಯ ಕಸ ತೆಗೆಯಬೇಕು. ಚರಂಡಿ ಸ್ವಚ್ಛ ಮಾಡಿದ ತಂಡಕ್ಕೆ ಗೋಲು ಹೊಡೆದು ಗೆದ್ದಂತೆಯೇ ಅಂಕಪಟ್ಟಿಯಲ್ಲಿ ಅಂಕ ಸೇರುತ್ತದೆ. ಮೈದಾನದಲ್ಲಿ ರೆಫರಿಯೊಂದಿಗೆ ನಾಯಕನ ಹೊರತು ಇನ್ನಾರೂ ಮಾತನಾಡುವಂತಿಲ್ಲ. ಕೆಂಪು ಕಾರ್ಡು ಪಡೆದವನು ಚಿಕ್ಕ ಮಕ್ಕಳ ಪಂದ್ಯಗಳಿಗೆ ರೆಫರಿಯಾಗಿ ನಿಂತು ಬಂದ ಮೇಲೆಯೇ ಮತ್ತೆ ಆಡಬೇಕು. ಈ ಒಂದು ನಿಯಮಕ್ಕೆ ನಾನು ಮನಸೋತಿದ್ದೇನೆ. ಸಿಟ್ಟಿನಲ್ಲಿ ಎದುರಾಳಿಯ ಕಾಲಿಗೆ ಒದ್ದವನು ವಾರದೊಳಗೆ ಸೀಟಿ ಕಚ್ಚಿಕೊಂಡು, ಹತ್ತು ವರ್ಷದ ಪೋರರ ಜಗಳ ಬಿಡಿಸುತ್ತ, ತನ್ನ ತೀರ್ಪನ್ನು ಒಪ್ಪದವರ ಕೂಗು ಕೇಳಿಸಿಕೊಳ್ಳುತ್ತಾನೆ. ಚೆನ್ನಾಗಿ ನಡೆದುಕೊಂಡ ಆಟಗಾರನಿಗೆ ಕೊಡಲು ಇವರಲ್ಲಿ ಹಸಿರು ಕಾರ್ಡು ಕೂಡ ಇದೆ. ತರಬೇತಿ, ಸ್ವಚ್ಛತೆ, ಸಮುದಾಯದ ಕೆಲಸಕ್ಕೆ ಸಮಯ ಕೊಟ್ಟವರಿಗೆ ಅಂಕ ಕೂಡುತ್ತ ಹೋಗಿ ಶಾಲೆಯ ಶುಲ್ಕಕ್ಕೆ ನೆರವಾಗುತ್ತದೆ. ಸಂಘದ ಸಮಿತಿಗಳಲ್ಲಿ ಕೂತು ತೀರ್ಮಾನ ಮಾಡುವವರೂ ಇದೇ ಹದಿವಯಸ್ಸಿನವರು.

ಈ ಸಂಘದಿಂದ ಹುಟ್ಟಿದ ಮಥಾರೆ ಯುನೈಟೆಡ್ ತಂಡ 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗ್ ಗೆದ್ದಿತು. ವರ್ಷದ ಆರಂಭದಲ್ಲಿ ಬೆಂಕಿ ಬಿದ್ದಿದ್ದ ಬಡಾವಣೆಯ ಹೆಸರಿಟ್ಟುಕೊಂಡ ತಂಡ ವರ್ಷದ ಕೊನೆಗೆ ದೇಶದ ಚಾಂಪಿಯನ್. ಇದನ್ನು ಹೇಳುವಾಗ ಇಲ್ಲಿಯ ನಡುವಯಸ್ಕರ ಕಣ್ಣು ಈಗಲೂ ಅರಳುತ್ತದೆ.

ಶನಿವಾರಗಳಲ್ಲಿ ನಾನು ಮಥಾರೆಯ ಒಂದು ಯುವಕರ ಗುಂಪಿಗೆ ಲೆಕ್ಕ ಬರೆಯಲು ಕೈಜೋಡಿಸುತ್ತೇನೆ. ಜೂಜಾ ರಸ್ತೆಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನು ಇಳಿದು ನದಿಯ ಕಡೆಗೆ ಇಳಿಜಾರಿನಲ್ಲಿ ನಡೆದರೆ ಅವರ ‘ಬೇಸ್’ ಸಿಗುತ್ತದೆ. ಹುಡುಗರು ಸೇರುವ ಮೂಲೆಗೆ ಇಲ್ಲಿ ಹಾಗೆನ್ನುತ್ತಾರೆ. ಒಂದು ಬೆಂಚು, ತಗಡಿನ ನೆರಳು, ಪಕ್ಕದಲ್ಲಿ ಅವರೇ ನಡೆಸುವ ಶೌಚಾಲಯ. ಮನೆಮನೆಗೆ ಹೋಗಿ ಚೀಲಗಳಲ್ಲಿ ಕಸ ಸಂಗ್ರಹಿಸುತ್ತಾರೆ, ಮ್ಕೊಕೊಟೇನಿ ಎಂಬ ತಳ್ಳುಗಾಡಿಯಲ್ಲಿ ಸಾಗಿಸುತ್ತಾರೆ, ಪ್ರತಿ ಮನೆಯಿಂದ ಸಣ್ಣ ಮೊತ್ತ ಪಡೆಯುತ್ತಾರೆ. ನಗರಸಭೆಯ ಲಾರಿ ಇಂಥ ಓಣಿಯೊಳಗೆ ಬರುವುದಿಲ್ಲ, ಹಾಗಾಗಿ ಇವರು ಒಂದು ವಾರ ನಿಂತರೆ ಇಡೀ ಓಣಿ ನಾರುತ್ತದೆ.

ಹಣದ ಪೆಟ್ಟಿಗೆಗೆ ಮೂರು ಬೀಗ. ಮೂರು ಕೀಲಿಗಳು ಮೂವರ ಬಳಿ. ಒಬ್ಬ ಕಿಕುಯು, ಒಬ್ಬಳು ಲುಓ, ಇನ್ನೊಬ್ಬ ಕಾಂಬಾ. ಮೂವರೂ ಬರುವವರೆಗೆ ಪೆಟ್ಟಿಗೆ ತೆರೆಯುವುದಿಲ್ಲ. ತೆರೆದ ಮೇಲೆ ನೋಟುಗಳನ್ನು ಎಲ್ಲರೆದುರು ಜೋರಾಗಿ ಎಣಿಸುತ್ತಾರೆ, ತಡವಾಗಿ ಬಂದವರಿಂದ ದಂಡ ವಸೂಲಿಯಾಗುತ್ತದೆ, ಹಿಂದಿನ ವಾರದ ಸಾಲ ಯಾರು ತೀರಿಸಲಿಲ್ಲ ಎಂದು ಹೆಸರು ಹಿಡಿದು ಕೇಳುತ್ತಾರೆ. ನಮ್ಮ ಹಳ್ಳಿಗಳ ಸ್ತ್ರೀಶಕ್ತಿ ಸಂಘದ ಸಭೆಗೆ ಹೋದವರಿಗೆ ಈ ದೃಶ್ಯ ಹೊಸದಲ್ಲ. ಒಮ್ಮೆ ಕಾಂಬಾ ಹುಡುಗನಿಗೂ ಇನ್ನೊಬ್ಬನಿಗೂ ಕೈಕೈ ಮಿಲಾಯಿಸುವಷ್ಟು ಜಗಳವಾಯಿತು. ವಿಷಯ ಕುಲದ್ದಲ್ಲ, ಗಾಡಿಯ ಚಕ್ರದ ದುರಸ್ತಿಗೆ ಯಾರ ಪಾಲು ಎಷ್ಟು ಎಂಬುದು. ಖಜಾಂಚಿ ಹುಡುಗಿ ಲೆಕ್ಕದ ಪುಸ್ತಕ ತೆಗೆದು, ರಸೀದಿ ತೋರಿಸಿ ಎಂದಳು. ರಸೀದಿ ಬಂತು, ಜಗಳ ಮುಗಿಯಿತು. ಅವರಿಬ್ಬರೂ ಮಾರನೆಯ ಬೆಳಿಗ್ಗೆ ಅದೇ ಗಾಡಿಯನ್ನು ತಳ್ಳಬೇಕಿತ್ತು.

ಶಾಂತಿಯ ಹೆಸರಿನಲ್ಲಿ ಹೋಟೆಲುಗಳ ಸಭಾಂಗಣದಲ್ಲಿ ನಡೆಯುವ ತರಬೇತಿಗಳು ಈ ನಗರದಲ್ಲಿ ಲೆಕ್ಕವಿಲ್ಲದಷ್ಟಿವೆ. ವಿಶ್ವಸಂಸ್ಥೆಯ ದೊಡ್ಡ ಕಚೇರಿ ಗಿಗಿರಿಯಲ್ಲಿದೆ, ಯುವಜನ, ಶಾಂತಿ ಮತ್ತು ಭದ್ರತೆಯ ಕುರಿತು ಭದ್ರತಾ ಮಂಡಳಿ 2015ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ 2250ನೇ ನಿರ್ಣಯ ಇಲ್ಲಿಯ ಸಂಸ್ಥೆಗಳಿಗೆಲ್ಲ ಬಾಯಿಪಾಠ. ಆ ನಿರ್ಣಯ ಮುಖ್ಯವಾದದ್ದು, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಪ್ರಮಾಣಪತ್ರ ಕೊಟ್ಟು ಕಳಿಸಿದ ಹುಡುಗನ ಕೈಯಲ್ಲಿ ಮರುದಿನ ಮಾಡಲು ಕೆಲಸವಿರದಿದ್ದರೆ ಚುನಾವಣೆಯ ಹೊತ್ತಿಗೆ ಐನೂರು ಶಿಲಿಂಗ್ ಹಿಡಿದು ಬರುವವನ ಮಾತೇ ಗೆಲ್ಲುತ್ತದೆ. ಪೆಟ್ಟಿಗೆಯ ಕೀಲಿ ಹಿಡಿದವನಿಗೆ ಗಲಭೆಯಲ್ಲಿ ಕಳೆದುಕೊಳ್ಳಲು ಏನೋ ಇರುತ್ತದೆ. ದಾನಿಗಳು ಕೊಡಬೇಕಾದದ್ದು ಆ ಕೀಲಿಯನ್ನು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ವಿಷಯವನ್ನು ಮುಚ್ಚಿಟ್ಟು ಬರೆದರೆ ಈ ಹುಡುಗರಿಗೆ ಅನ್ಯಾಯವಾಗುತ್ತದೆ. ಅವರು ಹೆಚ್ಚು ಹೆದರುವುದು ಪಕ್ಕದ ಓಣಿಯ ಬೇರೆ ಕುಲದವರಿಗಲ್ಲ, ಪೊಲೀಸರಿಗೆ. ಮಥಾರೆ ಸೋಷಿಯಲ್ ಜಸ್ಟಿಸ್ ಸೆಂಟರ್ ಎಂಬ ಸ್ಥಳೀಯರ ಸಂಘಟನೆ ಇಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಯುವಕರ ವಿವರಗಳನ್ನು ಕಲೆಹಾಕಿ 2017ರಲ್ಲಿ ವರದಿ ಪ್ರಕಟಿಸಿತು. ಅದೇ ವರ್ಷದ ಚುನಾವಣೆಯ ಬಳಿಕ ಮಹಡಿಯ ಬಾಲ್ಕನಿಯಲ್ಲಿದ್ದ ಬಾಲಕಿಯೊಬ್ಬಳು ಗುಂಡು ತಗುಲಿ ಸತ್ತಳು. ಪ್ರತಿವರ್ಷ ಜುಲೈ 7ರಂದು ಬಡಾವಣೆಗಳ ನ್ಯಾಯಕೇಂದ್ರಗಳ ಯುವಕರು ಮೆರವಣಿಗೆ ತೆಗೆಯುತ್ತಾರೆ. ಸುಮ್ಮನಿರಿ, ಶಾಂತಿ ಕಾಪಾಡಿ ಎಂಬ ಉಪದೇಶ ಅವರಿಗೆ ಸಾಕಾಗಿದೆ. ಸತ್ತವರ ಲೆಕ್ಕ ಕೇಳುವುದೂ ಶಾಂತಿಯ ಕೆಲಸವೇ ಎಂದು ಅವರು ನಂಬುತ್ತಾರೆ, ನಾನೂ ನಂಬುತ್ತೇನೆ.

2024ರ ಜೂನ್‌ನಲ್ಲಿ ಹೀಗೆ ಲೆಕ್ಕ ಕೇಳುವ ಕೆಲಸ ನಗರದ ಮಧ್ಯಕ್ಕೆ ಬಂತು. ತೆರಿಗೆ ಹೆಚ್ಚಿಸುವ ಹಣಕಾಸು ಮಸೂದೆಯ ವಿರುದ್ಧ ಬೀದಿಗಿಳಿದ ಯುವಜನರು ತಮಗೆ ಪಕ್ಷವಿಲ್ಲ, ಕುಲವಿಲ್ಲ, ಒಬ್ಬ ನಾಯಕನೂ ಇಲ್ಲ ಎಂದು ಸಾರಿದರು. ಮಸೂದೆಯ ಕಲಮುಗಳನ್ನು ತಮ್ಮ ತಮ್ಮ ತಾಯ್ನುಡಿಗಳಲ್ಲಿ ವಿವರಿಸಿ ವಿಡಿಯೊ ಮಾಡಿದರು. ಗಾಯಗೊಂಡವರ ಆಸ್ಪತ್ರೆ ಖರ್ಚಿಗೆ ಎಂ-ಪೆಸಾ ಎಂಬ ಮೊಬೈಲ್ ಹಣ ವ್ಯವಸ್ಥೆಯಲ್ಲಿ ಹಣ ಕೂಡಿಸಿದರು. ಜೂನ್ 25ರಂದು ಸಂಸತ್ತಿಗೆ ಜನ ನುಗ್ಗಿದರು, ಪೊಲೀಸರು ಗುಂಡು ಹಾರಿಸಿದರು. ಮರುದಿನ ಅಧ್ಯಕ್ಷ ವಿಲಿಯಂ ರುಟೊ ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು. ಆ ವಾರಗಳ ಪ್ರತಿಭಟನೆಗಳಲ್ಲಿ ಹತ್ತಾರು ಜನ ಪ್ರಾಣ ಕಳೆದುಕೊಂಡರು. ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲೂ ಆ ದಿನ ಕಚೇರಿಗೆ ಹೋಗಬೇಡಿ, ಅಂಗಡಿ ಮುಚ್ಚಿದೆ ಎಂಬ ಸಂದೇಶಗಳೇ ತುಂಬಿದ್ದವು. 2007ರಲ್ಲಿ ಕುಲ ಕೇಳಿ ಹೊಡೆದ ನಗರದಲ್ಲಿ ಈಗ ಬೇರೆ ಬೇರೆ ಕುಲದ ಮಕ್ಕಳು ಒಂದೇ ಸಾಲಿನಲ್ಲಿ ನಿಂತು ರಾಷ್ಟ್ರಗೀತೆ ಹಾಡಿದರು. ಈ ಬದಲಾವಣೆಗೆ ಮೈದಾನಗಳೂ ಬೇಸ್‌ಗಳೂ ಎಷ್ಟು ನೆಲ ಹದ ಮಾಡಿಕೊಟ್ಟಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಮುಂದಿನ ಚುನಾವಣೆ 2027ರ ಆಗಸ್ಟ್‌ನಲ್ಲಿ. ಗುಂಪಿನ ಸಭೆಯಲ್ಲಿ ಈಗಲೇ ಅದರ ಚರ್ಚೆ ನಡೆಯುತ್ತಿದೆ. ಆ ವಾರ ಕಸದ ಗಾಡಿ ನಿಲ್ಲಿಸಬಾರದು ಎಂದು ಹೆಚ್ಚಿನವರು, ಹುಡುಗಿಯರನ್ನು ಒಬ್ಬೊಬ್ಬರಾಗಿ ಕಳಿಸಬಾರದು ಎಂದು ಖಜಾಂಚಿ. ರಾಜಕಾರಣಿಯಿಂದ ಟಿ-ಶರ್ಟು, ಹಣ ಪಡೆದವರು ಕೀಲಿ ಬಿಟ್ಟುಕೊಡಬೇಕು ಎಂಬ ನಿಯಮಕ್ಕೆ ಮತ ಹಾಕಿದ್ದಾರೆ. ಹದಿನೆಂಟು ತುಂಬಿದ ಹಲವರಿಗೆ ಇನ್ನೂ ಗುರುತಿನ ಚೀಟಿ ಬಂದಿಲ್ಲ. ಅದಿಲ್ಲದೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರುವುದಿಲ್ಲ. ಮುಂದಿನ ಶನಿವಾರ ಅವರ ಅರ್ಜಿಗಳನ್ನು ತುಂಬಿಸುವ ಕೆಲಸ ಇದೆ.