ಮೊದಲು ಇಳಿಯುವ ಮೀನು

"ಎರಡು ಡ್ಯಾಮ್ಸೆಲ್ ಮೀನು ಬಿಡಿ ಸಾರ್. ಸತ್ತರೆ ಸಾಯ್ಲಿ. ಅಷ್ಟರಲ್ಲಿ ನಿಮ್ಮ ಟ್ಯಾಂಕ್ ರೆಡಿ ಆಗಿರುತ್ತೆ."

ಸೋಮವಾರ ಸಂಜೆ ಮೀನಿನ ಅಂಗಡಿಯವನು ಹೇಳಿದ ಮಾತು. ಈಗ ಶನಿವಾರ. ಇನ್ನೂ ಕಿವಿಯಿಂದ ಇಳಿದಿಲ್ಲ.

ಮನುಷ್ಯ ಕೆಟ್ಟವನಾಗಿದ್ದರೆ ಬೈದು ಮರೆಯಬಹುದಿತ್ತು. ಆದರೆ ಇವನು ಅಂಗಡಿ ಮುಂದೆ ಮಲಗುವ ಬೀದಿ ನಾಯಿಗೆ ದಿನಾ ಬಿಸ್ಕತ್ತು ಹಾಕುತ್ತಾನೆ. ಗೋಲ್ಡ್‌ಫಿಶ್ ಕೇಳಿಕೊಂಡು ಬರುವ ಮಕ್ಕಳಿಗೆ ದುಂಡಗಿನ ಬೌಲ್ ಮಾರುವುದಿಲ್ಲ. "ಅದರಲ್ಲಿ ಮೀನು ಬದುಕಲ್ಲ ಪುಟ್ಟಾ" ಎನ್ನುತ್ತಾನೆ. ಅಂಥವನು ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಾ, ಚಿಲ್ಲರೆ ಇದೆಯಾ ಎಂದು ಕೇಳುವ ಧ್ವನಿಯಲ್ಲೇ ಸತ್ತರೆ ಸಾಯ್ಲಿ ಎಂದ. ನಾನು ಏನೂ ಹೇಳದೆ ನೈಟ್ರೇಟ್ ಟೆಸ್ಟ್ ಕಿಟ್ ತೆಗೆದುಕೊಂಡು ಬಂದೆ.

ಶಿವಮೊಗ್ಗ ವಿನೋಬನಗರದ ನಮ್ಮ ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ಟ್ಯಾಂಕ್ ಇದೆ. ಲೈಟ್, ಪಂಪ್, ಹೀಟರ್, ಕಲ್ಲು, ಮರಳು ಎಲ್ಲ ಇವೆ. ಮೀನು ಮಾತ್ರ ಇಲ್ಲ. ಬಂದವರೆಲ್ಲ ಬಗ್ಗಿ, ಕಲ್ಲಿನ ಸಂದಿಯಲ್ಲಿ ಹುಡುಕಿ, ನನ್ನ ಮುಖ ನೋಡುತ್ತಾರೆ. ಬಾಮೈದನಂತೂ, "ಭಾವ, ಇಷ್ಟು ದುಡ್ಡು ಸುರಿದು ಬರೀ ನೀರು ನೋಡ್ತಾ ಕೂತಿದ್ದೀರಲ್ಲ, ತುಂಗಾ ಹೊಳೆ ದಡದಲ್ಲಿ ಕೂತಿದ್ರೆ ಪುಕ್ಕಟೆ ಅಲ್ವಾ?" ಎಂದ. ಅವನಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯ ಇರುತ್ತದೆ. ಅಡಿಕೆ ರೇಟು ಬಿಟ್ಟು ಬೇರೆ ಯಾವುದರಲ್ಲೂ ಅದು ಸರಿ ಇರುವುದಿಲ್ಲ.

ಹೊಳೆ ನಮ್ಮೂರಲ್ಲಿದೆ, ಸಮುದ್ರ ಘಟ್ಟದ ಆಚೆಗಿದೆ. ಹಾಗಾಗಿ ಸಮುದ್ರವನ್ನು ಬಕೆಟ್ಟಿನಲ್ಲಿ ನಾವೇ ಮಾಡಿಕೊಳ್ಳಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೇಕಾದ ಬ್ಯಾಕ್ಟೀರಿಯಾವನ್ನೇ ಅದು ಕೊಲ್ಲುತ್ತದೆ. ಅದಕ್ಕೇ ಆರ್‌ಓ ನೀರು. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಪುಡಿ. ಅಡುಗೆ ಉಪ್ಪು ನಡೆಯುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೇಕಾದಷ್ಟು ಇರುವುದಿಲ್ಲ. ಅಳತೆಯ ಗಾಜಿನಲ್ಲಿ ಸಾಂದ್ರತೆ 1.025ರ ಹತ್ತಿರ ನಿಲ್ಲಬೇಕು. ನೀರು ಆವಿಯಾಗಿ ಕಡಿಮೆಯಾದರೆ ಸೇರಿಸಬೇಕಾದ್ದು ಸಿಹಿನೀರು, ಉಪ್ಪುನೀರಲ್ಲ. ಉಪ್ಪು ಎಲ್ಲೂ ಹೋಗಿರುವುದಿಲ್ಲ ನೋಡಿ.

ಇಷ್ಟಾದರೂ ಆ ನೀರು ಇನ್ನೂ ಮೀನಿಗೆ ವಿಷವೇ. ಮೀನು ಬಿಡುವ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅದರ ವಿಷ ಇಲ್ಲಿ ಇನ್ನೂ ಜಾಸ್ತಿ. ಒಂದು ಜಾತಿಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ತೊಂದರೆ ಇಲ್ಲ, ನೀರು ಬದಲಾಯಿಸಿದರೆ ಇಳಿಯುತ್ತದೆ. ಅಡಿಕೆ ತೋಟಕ್ಕೆ ಹಾಕಿದ ಗೊಬ್ಬರದ ಮೇಲೂ ಮಣ್ಣಿನಲ್ಲಿ ಇದೇ ಕೆಲಸ ನಡೆಯುತ್ತದೆ. ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಆಸುಪಾಸಿನಲ್ಲೇ ಮಣ್ಣಿನಿಂದ ಈ ಬ್ಯಾಕ್ಟೀರಿಯಾಗಳನ್ನು ಬೇರೆ ಮಾಡಿ ತೋರಿಸಿದ್ದ. ತೊಂದರೆ ಏನೆಂದರೆ ಇವು ಬಹಳ ನಿಧಾನ. ಕಲ್ಲು, ಮರಳಿನ ಮೈಮೇಲೆಲ್ಲ ಬೆಳೆದು ಹರಡಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಇದಕ್ಕೇ ಟ್ಯಾಂಕ್ ಸೈಕಲ್ ಮಾಡುವುದು ಎನ್ನುತ್ತಾರೆ. ಅಲ್ಲಿಯವರೆಗೆ ಅವುಗಳಿಗೆ ಅಮೋನಿಯಾ ಉಣ್ಣಿಸುತ್ತಿರಬೇಕು. ಕೆಲವರು ಒಂದು ಸಿಗಡಿಯನ್ನು ನೀರಲ್ಲಿ ಕೊಳೆಯಲು ಬಿಡುತ್ತಾರೆ. ನಮ್ಮ ಮನೆಯಲ್ಲಿ ಅದು ಆಗದ ಮಾತು, ಸಿಗಡಿ ಬಂದರೆ ಸೀದಾ ಬಾಣಲೆಗೆ. ನಾನು ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಹನಿ ಹನಿಯಾಗಿ ಹಾಕುತ್ತಿದ್ದೇನೆ.

ಹಳೆಯ ದಾರಿ ಅಂಗಡಿಯವನು ಹೇಳಿದ್ದು. ಗಟ್ಟಿ ಜೀವದ ಅಗ್ಗದ ಮೀನನ್ನು ಬಿಟ್ಟುಬಿಡುವುದು. ಅಮೋನಿಯಾ ಅದೇ ತಯಾರಿಸುತ್ತದೆ, ಅದೇ ಕುಡಿಯುತ್ತದೆ. ಕಿವಿರು ಸುಡುತ್ತದೆ, ಮೇಲೆ ಬಂದು ಬಾಯಿ ಬಡಿಯುತ್ತದೆ. ಕೆಲವು ಸಾಯುತ್ತವೆ. ಬದುಕಿದ ಡ್ಯಾಮ್ಸೆಲ್ ಇಡೀ ಟ್ಯಾಂಕ್ ತನ್ನದು ಎಂದುಕೊಳ್ಳುತ್ತದೆ, ಆಮೇಲೆ ಬಂದ ಮೀನುಗಳನ್ನು ಅಟ್ಟಾಡಿಸಿ ಕಚ್ಚುತ್ತದೆ. ಆಗ ಮಾಲೀಕರು "ಇದೆಂಥ ಜಗಳಗಂಟ ಮೀನು" ಎಂದು ಹಿಡಿದು ಅಂಗಡಿಗೆ ವಾಪಸ್ ಕೊಡುತ್ತಾರೆ.

ಇನ್ನೊಂದು ವಿಷಯ. ಎಲ್ಲ ಮಕ್ಕಳೂ ಆಸೆಪಡುವ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಫಿಶ್ ಇದೆಯಲ್ಲ, ಅದೂ ಈ ಡ್ಯಾಮ್ಸೆಲ್ ಕುಟುಂಬದ್ದೇ. ಹತ್ತಿರದ ನೆಂಟರು. ಒಬ್ಬರು ಬರುವ ಮೊದಲು ಇನ್ನೊಬ್ಬರನ್ನು ಇಳಿಸಿ ನೀರು ಪರೀಕ್ಷೆ ಮಾಡುತ್ತೇವೆ.

ಬುಧವಾರ ಅತ್ತೆ ಬಂದಿದ್ದರು. ನಾನು ಹನಿ ಹಾಕುವುದನ್ನು ನೋಡಿ, "ಮೀನೇ ಇಲ್ಲದ ನೀರಿಗೆ ಎಂಥ ಹಾಕ್ತಿದ್ದೀರಿ?" ಎಂದು ಕೇಳಿದರು. ಹೇಳಿದೆ. ಅಂಗಡಿಯವನ ಮಾತನ್ನೂ ಹೇಳಿದೆ, ಸಿಕ್ಕವರಿಗೆಲ್ಲ ಅದನ್ನು ಹೇಳುವುದು ಈ ವಾರದ ಚಟ. ಅತ್ತೆ ಸ್ವಲ್ಪ ಹೊತ್ತು ಟ್ಯಾಂಕ್ ನೋಡಿದರು. ಆಮೇಲೆ, "ನಮ್ಮನ್ನ ತಂದು ಬಿಟ್ಟಿದ್ದೂ ಹಂಗೇ ಅಲ್ದಾ" ಎಂದರು.

ಅತ್ತೆಯ ತವರು ಸಾಗರ ತಾಲ್ಲೂಕು, ಕರೂರು ಹೋಬಳಿ. ಊರು ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಆಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವರು ಲಂಗ ಹಾಕುವ ಹುಡುಗಿ. ಲಾರಿಯಲ್ಲಿ ಪಾತ್ರೆ, ಕೋಳಿ, ಬಾಗಿಲು ಕಿತ್ತ ಹಲಗೆ, ಜನ ಎಲ್ಲ ಒಟ್ಟಿಗೆ. ಇಳಿಸಿದ್ದು ಶಿವಮೊಗ್ಗ ಕಡೆಯ ಒಂದು ಕಾಡಿನಂಚಲ್ಲಿ. ಬಾವಿ ಇಲ್ಲ, ದಾರಿ ಇಲ್ಲ. ಮೊದಲ ಮಳೆಗಾಲದಲ್ಲೇ ಚಳಿಜ್ವರ ಬಂದು ತಮ್ಮ ತೀರಿಕೊಂಡ. ಮರ ಕಡಿದು, ಕಲ್ಲು ಆರಿಸಿ, ಬಾವಿ ತೋಡಿ ಆ ಜಾಗವನ್ನು ಊರು ಮಾಡಿದವರು ಅವರೇ. ಬಸ್ಸು, ಶಾಲೆ ಬಂದದ್ದು ಆಮೇಲೆ. ಕರೆಂಟಂತೂ ಎಷ್ಟೋ ವರ್ಷ ಕಳೆದು. ಅತ್ತೆ ಇದನ್ನೆಲ್ಲ ಅಳುತ್ತಾ ಹೇಳಲಿಲ್ಲ. ಮಧ್ಯೆ ಎದ್ದು ಹೋಗಿ ಕುಕ್ಕರ್ ಆಫ್ ಮಾಡಿ ಬಂದರು. ಹೆಂಡತಿಗೂ ತೀರಿಹೋದ ಆ ಸೋದರಮಾವನ ವಿಷಯ ಗೊತ್ತಿರಲಿಲ್ಲ.

ಮೀನಿನ ಜೊತೆ ಮುಳುಗಡೆಯವರನ್ನು ಹೋಲಿಸಲು ನನಗಂತೂ ನಾಲಿಗೆ ಏಳುತ್ತಿರಲಿಲ್ಲ. ಹೋಲಿಸಿದ್ದು ಅನುಭವಿಸಿದವರೇ, ನಾನು ಬೇಡ ಎನ್ನಲು ಯಾರು? ಆದರೆ ಆಮೇಲೆ ಅದು ನನ್ನನ್ನೂ ಬಿಡಲಿಲ್ಲ. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಹಕ್ಕುಪತ್ರ ಸಿಕ್ಕಿಲ್ಲ. ಕಾಗದದಲ್ಲಿ ಅದು ಇನ್ನೂ ಕಾಡು, ಅವರು ಒತ್ತುವರಿ ಮಾಡಿದವರು. ಅಲ್ಲಿಗೆ ತಂದು ಇಳಿಸಿದ ಲಾರಿ ಯಾರದಿತ್ತು ಎಂದು ಯಾರೂ ಕೇಳುವುದಿಲ್ಲ. ಬದುಕಿ ಉಳಿದು, ಜಾಗ ನನ್ನದು ಎಂದದ್ದೇ ತಕರಾರು!

ನಮ್ಮ ಆಫೀಸಿನಲ್ಲೂ ಹೊಸ ಸಾಫ್ಟ್‌ವೇರ್ ಬಂದರೆ ಮೊದಲು ಕೂರಿಸುವುದು ಗುತ್ತಿಗೆ ಹುಡುಗರನ್ನು. ಲೆಕ್ಕ ತಪ್ಪಿದರೆ ಅವರ ಹೆಸರು, ಬೈಗುಳವೂ ಅವರಿಗೇ. ಎಲ್ಲ ಸರಿಹೋದ ಮೇಲೆ ಪರ್ಮನೆಂಟ್ ಇರುವ ನಾವು ಹೋಗಿ ಕೂರುತ್ತೇವೆ. ಅಲ್ಲಿ ಯಾರೂ ಸತ್ತರೆ ಸಾಯ್ಲಿ ಎನ್ನುವುದಿಲ್ಲ. "ಟ್ರಯಲ್‌ಗೆ ಹಾಕೋಣ" ಎನ್ನುತ್ತೇವೆ. ಅಂಗಡಿಯವನ ಬಾಯಿ ಇನ್ನೂ ಅಷ್ಟು ಪಳಗಿಲ್ಲ, ಅಷ್ಟೇ.

ನಿನ್ನೆ ಟೆಸ್ಟ್ ಮಾಡಿದೆ. ಅಮೋನಿಯಾ ಹಳದಿಗೆ ಇಳಿದಿದೆ, ಅಂದರೆ ಸೊನ್ನೆ. ನೈಟ್ರೈಟ್ ಮಾತ್ರ ಇನ್ನೂ ಕಡು ನೇರಳೆ. ಎರಡನೇ ತಂಡದ ಬ್ಯಾಕ್ಟೀರಿಯಾ ಇನ್ನೂ ಮೈ ಮುರಿಯುತ್ತಿದೆ. ರಾತ್ರಿ ಮಳೆಗೆ ಕರೆಂಟ್ ಹೋಯಿತು. ಇವಕ್ಕೂ ಆಮ್ಲಜನಕ ಬೇಕಲ್ಲ, ಪಂಪನ್ನು ಇನ್ವರ್ಟರಿಗೆ ಹಾಕಿ ಫ್ಯಾನ್ ನಿಲ್ಲಿಸಿದೆ. ಹೆಂಡತಿ ಸೊಳ್ಳೆ ಹೊಡೆಯುತ್ತಾ, "ಕಣ್ಣಿಗೆ ಕಾಣದ ಹುಳಕ್ಕೆ ಇರೋ ಮರ್ಯಾದೆ ನಮಗಿಲ್ಲ" ಎಂದಳು.

ಒಂದೇ ಸಲ 2 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ, ಅಮೋನಿಯಾ ಹಾಕಿದರೆ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗಬೇಕು. ಆಮೇಲೆ ನೀರು ಬದಲಾಯಿಸಿ ಒಂದು ಜೋಡಿ ಕ್ಲೌನ್ ತರುತ್ತೇನೆ, ಸಮುದ್ರದಿಂದ ಹಿಡಿದದ್ದಲ್ಲ, ತೊಟ್ಟಿಯಲ್ಲೇ ಮರಿ ಮಾಡಿಸಿದ್ದು. ನೆಂಟಸ್ತನದ ವಿಷಯ ಕೇಳಿದ ಮೇಲೆ ಮಗಳದು ಹೊಸ ಹಠ. ಡ್ಯಾಮ್ಸೆಲ್ಲೂ ಬರಬೇಕಂತೆ, ಎಲ್ಲರೂ ಬಂದು ನೆಲೆಯಾದ ಮೇಲೆ, ಕೊನೆಗೆ. ಕೊನೆಗೆ ಬಿಟ್ಟರೆ ಅದರ ಜಗಳ ಕಡಿಮೆ ಎಂದು ಬಲ್ಲವರೂ ಹೇಳುತ್ತಾರೆ, ಆದರೆ ನಮ್ಮ ಟ್ಯಾಂಕ್ ಅಷ್ಟು ದೊಡ್ಡದಲ್ಲ. ಅತ್ತೆ ಮೊಮ್ಮಗಳ ಪರ. ಹಾಗಾದರೆ ಇನ್ನೂ ದೊಡ್ಡ ಟ್ಯಾಂಕೇ ಬೇಕಾಗುತ್ತದೆ ಎಂದು ಸುಮ್ನೆ ಒಂದು ಮಾತು ಬಿಟ್ಟೆ. ಬಾಮೈದ ಆಗಲೇ ಕ್ಯಾಲ್ಕ್ಯುಲೇಟರ್ ತೆಗೆದಿದ್ದ.