ಬೀದರ್‌ಗೆ ಬಂದ ಡ್ರಮ್ಮರ್

ಮೆಟಲ್, ಅಂದರೆ ಗಿಟಾರ್ ಡ್ರಮ್ಸ್‌ನ ಅಬ್ಬರದ ರಾಕ್, ಉದ್ದ ಕೂದಲಿನ ಬಿಳಿಯರ ಸಂಗೀತ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತೆ. ಮೊದಲಿಂದಲೂ ಅಷ್ಟೇ. ಕಳೆದ ವರ್ಷ ಇಲ್ಲೇ ಬೀದರ್‌ನಲ್ಲಿ ಒಂದು ಕಾಲೇಜ್ ಫೆಸ್ಟ್‌ನಲ್ಲಿ ನುಡಿಸಿದ ಮೇಲೆ ಆ ಸಿಟ್ಟು ಇನ್ನೂ ಜಾಸ್ತಿಯಾಗಿದೆ.

ನಮ್ಮ ಡ್ರಮ್ಮರ್ ಬೈಕಿಂದ ಬಿದ್ದು ಕೈ ಮುರಿದುಕೊಂಡಿದ್ದ. ಫೆಸ್ಟ್ ಹತ್ತಿರ ಬಂದಿತ್ತು. ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸುವವರು ನಮ್ಮೂರಲ್ಲಿ ಸಿಗುತ್ತಾರೆ, ಎರಡೂ ಕಾಲಲ್ಲಿ ಕಿಕ್ ಡ್ರಮ್ ಬಾರಿಸೋ ಡಬಲ್ ಪೆಡಲ್ ತುಳಿಯುವವರು ಸಿಗೋದು ಕಷ್ಟ. ಆಗ ಹೈದರಾಬಾದ್‌ನಲ್ಲಿ ಓದುವ ಗೆಳೆಯನೊಬ್ಬ ಫೋನ್ ಮಾಡಿ, "ನಮ್ಮ ಹಾಸ್ಟೆಲ್ ಹತ್ರ ಒಬ್ಬ ಇದ್ದಾನೆ, ನೈರೋಬಿಯವನು, ಎಂ.ಎಸ್ಸಿ. ಮಾಡ್ತಿದ್ದಾನೆ, ಕೇಳ್ಲಾ?" ಅಂದ. ಹಾಡುಗಳನ್ನು ಕಳಿಸಿದೆವು. ಮರುದಿನ ಆ ಹುಡುಗನೇ ಫೋನ್ ಮಾಡಿದ. ಸೆಪುಲ್ಟುರಾ ಅನ್ನೋ ಮೆಟಲ್ ಬ್ಯಾಂಡ್‌ನ ಹಾಡನ್ನ ನಿಮ್ಮ ರೆಕಾರ್ಡಿಂಗ್‌ನಲ್ಲಿ ನಿಧಾನ ಮಾಡಿದ್ದೀರಿ, ಬೇಕಂತಲೇ ಮಾಡಿದ್ದಾ, ಇಲ್ಲ ಒರಿಜಿನಲ್ ಸ್ಪೀಡ್‌ಗೆ ಹೋಗೋಣವಾ ಅಂತ ಕೇಳಿದ. ಇವನು ನಮ್ಮವನೇ ಅಂತ ಆಗಲೇ ಅನ್ನಿಸಿತು.

ಬೆಳಗಿನ ಬಸ್ಸಿಗೆ ಬಂದಿಳಿದ. ಹೆಗಲ ಮೇಲೊಂದು ಬ್ಯಾಗ್, ಕೈಯಲ್ಲಿ ಟವೆಲ್ ಸುತ್ತಿದ ಡಬಲ್ ಪೆಡಲ್, ಕೊರಳಿಗೆ ದಾರ ಕಟ್ಟಿ ಹಾಕಿಕೊಂಡ ಡ್ರಮ್ ಕೀ. ಸೀದಾ ಲಾಡ್ಜ್‌ಗೆ ಕರೆದುಕೊಂಡು ಹೋದೆವು. ಹಿಂದಿನ ದಿನವೇ ಫೋನ್ ಮಾಡಿ ರೂಮ್ ಹೇಳಿದ್ದೆವು. ಕೌಂಟರ್‌ನಲ್ಲಿದ್ದವರು ಅವನನ್ನು ಒಮ್ಮೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ರೂಮ್ ಖಾಲಿ ಇಲ್ರಿ."

"ನಿನ್ನಿ ಅದ ಅಂದಿದ್ರಲ್ರಿ?"

"ಇಂಥವ್ರು ಬರ್ತಾರ ಅಂತ ನೀವು ಹೇಳಿದ್ದಿಲ್ಲಲ್ರಿ."

ವಿದೇಶಿಯರನ್ನು ಉಳಿಸಿಕೊಂಡರೆ ಲಾಡ್ಜ್‌ನವರು ಅವರ ವಿವರ ಸರ್ಕಾರಕ್ಕೆ ಕೊಡಬೇಕು, ಅದು ನೈರೋಬಿಯ ಹುಡುಗನಿಗೆ ಚೆನ್ನಾಗಿ ಗೊತ್ತು. ಪಾಸ್‌ಪೋರ್ಟ್, ವೀಸಾ ಎಲ್ಲದರ ಜೆರಾಕ್ಸ್ ಒಂದು ಫೈಲ್‌ನಲ್ಲಿ ಜೋಡಿಸಿಟ್ಟುಕೊಂಡು ಬಂದಿದ್ದ. ಕೌಂಟರ್ ಮೇಲೆ ಇಟ್ಟ. ಅವರು ಅದನ್ನು ಮುಟ್ಟಲೂ ಇಲ್ಲ. ಫಾರಿನ್‌ದವರಿಗೆ ಕೊಡೋದಿಲ್ಲ ಅಂದರು. ಅವರ ತಲೆಯ ಹಿಂದೆ ಗೋಡೆ ಮೇಲೆ ಒಂದು ಫೋಟೊ ಇತ್ತು, ಅದೇ ಲಾಡ್ಜ್ ಬಾಗಿಲಲ್ಲಿ ಇಬ್ಬರು ಬಿಳಿಯ ಪ್ರವಾಸಿಗರು ಹಾರ ಹಾಕಿಕೊಂಡು ನಿಂತಿದ್ದರು. ನಾನು ಜಗಳಕ್ಕೆ ನಿಂತೆ. ಅವನು ಫೈಲ್ ಎತ್ತಿಕೊಂಡು, "ಬಾ ಹೋಗೋಣ, ಕೈಕಾಲಿನ ಶಕ್ತಿ ರಾತ್ರಿಗೆ ಬೇಕು" ಅಂದ. ಇಂಥದ್ದು ಅವನಿಗೆ ಎಷ್ಟು ರೂಢಿಯಾಗಿತ್ತು ಅನ್ನೋದೇ ನನಗೆ ಜಾಸ್ತಿ ನೋವು ಕೊಟ್ಟಿತು.

ನಮ್ಮ ಮನೆಗೇ ಬಂದ. ಅವ್ವ ರೊಟ್ಟಿ ಬಡಿದು, ಪುಂಡಿಪಲ್ಯ ಹಾಕಿ, "ಉಣ್ಣಪ್ಪಾ, ನಾಚ್ಕೋಬ್ಯಾಡ" ಅಂದಳು.

ಮಧ್ಯಾಹ್ನ ಅವನನ್ನು ಹಬ್ಸಿಕೋಟ್ ಗುಡ್ಡಕ್ಕೆ ಕರೆದುಕೊಂಡು ಹೋದೆ. ನಮ್ಮೂರಿನವರಿಗೆ ಹಬ್ಸಿಕೋಟ್ ಅಂದ್ರೆ ಗೆಸ್ಟ್‌ಹೌಸ್ ನೆನಪಾಗುತ್ತೆ. ಅಲ್ಲಿರೋದು ಅಬಿಸೀನಿಯಾ, ಅಂದರೆ ಈಗಿನ ಇಥಿಯೋಪಿಯಾ ಕಡೆಯಿಂದ ಬಂದ ಸರದಾರರ ಗೋರಿಗಳು. ಬಹಮನಿ ಕಾಲದಲ್ಲಿ ಈ ಹಬ್ಶಿಗಳು ಇಲ್ಲಿ ಬರೀ ಗುಲಾಮರಾಗಿ, ಸಿಪಾಯಿಗಳಾಗಿ ಇರಲಿಲ್ಲ. ದಸ್ತೂರ್ ದೀನಾರ್ ಅನ್ನೋ ಹಬ್ಶಿ 15ನೇ ಶತಮಾನದ ಕೊನೆಯಲ್ಲಿ ಕಲಬುರಗಿಯನ್ನೇ ಆಳುತ್ತಿದ್ದ. ಆಫ್ರಿಕಾದವರು ಈ ಮಣ್ಣಲ್ಲಿ ಐನೂರು ವರ್ಷದಿಂದ ಮಲಗಿದ್ದಾರೆ, ಬಸ್ಸಿಂದ ಇಳಿದವನಿಗೆ ಒಂದು ರೂಮ್ ಇಲ್ಲ.

ಗುಡ್ಡದ ಮೇಲೆ ಕೂತು ತುಂಬಾ ಹೊತ್ತು ಮಾತಾಡಿದೆವು. ನೈರೋಬಿಯಲ್ಲಿ ಅವನ ಮನೆಯವರು ಇದು ಬಿಳಿಯರ ಗದ್ದಲ, ಸೈತಾನನ ಹಾಡು, ನಿನಗ್ಯಾಕೆ ಅಂತಾರಂತೆ. ಇಲ್ಲಿ ಶೋಗಳಿಗೆ ಹೋದರೆ "ನೀನು ರಾಪ್ ಕೇಳೋದಿಲ್ವಾ?" ಅಂತಾರಂತೆ. ಎರಡೂ ಕಡೆಯವರು ಸೇರಿ ಅವನಿಗೆ ಇಷ್ಟವಾದದ್ದನ್ನು ಅವನಿಂದ ಕಿತ್ತುಕೊಳ್ಳೋಕೆ ನೋಡ್ತಾರೆ. ಬೆಂಗಳೂರಿನ ಒಂದು ಶೋನಲ್ಲಿ ನನಗೂ "ಬೀದರಾ? ಅಲ್ಲೂ ಮೆಟಲ್ ಕೇಳ್ತಾರಾ?" ಅಂತ ಕೇಳಿದ್ದರು. ಆದರೆ ಎರಡನ್ನೂ ಒಂದೇ ತೂಕಕ್ಕೆ ಹಾಕೋಕಾಗಲ್ಲ. ನಾನು ಊರಿನ ಹೆಸರು ಹೇಳದಿದ್ದರೆ ಮುಗೀತು, ಅವನು ಚರ್ಮ ಎಲ್ಲಿ ಬಚ್ಚಿಡಬೇಕು?

ಇತಿಹಾಸವನ್ನಾದರೂ ನೋಡಿ. ಮೆಟಲ್‌ನ ಮೊದಲ ಆಲ್ಬಂ ಅಂತ ಹೆಚ್ಚಿನವರು ತೋರಿಸೋದು ಇಂಗ್ಲೆಂಡಿನ ಬ್ಲ್ಯಾಕ್ ಸಬತ್ ಬ್ಯಾಂಡ್‌ನ 1970ರ ಆಲ್ಬಂ. ಬರ್ಮಿಂಗ್‌ಹ್ಯಾಮ್‌ನ ಆ ಹುಡುಗರು ಶುರು ಮಾಡಿದ್ದೇ ಬ್ಲೂಸ್ ಬ್ಯಾಂಡ್ ಆಗಿ. ಬ್ಲೂಸ್ ಅನ್ನೋ ಸಂಗೀತ ಹುಟ್ಟಿದ್ದು ಅಮೆರಿಕದ ದಕ್ಷಿಣದಲ್ಲಿ, ಕಪ್ಪು ಜನರ ನಡುವೆ. ಅಂದರೆ ಬೇರಲ್ಲೇ ಅವರಿದ್ದಾರೆ. ಆದರೂ 1985ರಲ್ಲಿ ನ್ಯೂಯಾರ್ಕ್‌ನಲ್ಲಿ ಗಿಟಾರ್ ವಾದಕ ವರ್ನನ್ ರೀಡ್ ಮತ್ತು ಗೆಳೆಯರು ಬ್ಲ್ಯಾಕ್ ರಾಕ್ ಕೊಯಲಿಷನ್ ಅಂತ ಸಂಘ ಕಟ್ಟಬೇಕಾಯಿತು, ಯಾಕಂದ್ರೆ ಕಪ್ಪು ಕಲಾವಿದರು ರಾಕ್ ನುಡಿಸ್ತೀವಿ ಅಂದರೆ ಕಂಪನಿಗಳು ಬಾಗಿಲು ತೆರೆಯುತ್ತಿರಲಿಲ್ಲ. ಅಮೆರಿಕದ ಸಫೊಕೇಶನ್ ಬ್ಯಾಂಡ್‌ನ ಕಪ್ಪು ಕಲಾವಿದರಾದ ಟೆರೆನ್ಸ್ ಹಾಬ್ಸ್ ಗಿಟಾರ್ ರಿಫ್‌ಗಳನ್ನು, ಮೈಕ್ ಸ್ಮಿತ್ ಡ್ರಮ್ಸನ್ನು ತೆಗೆದುಬಿಟ್ಟರೆ ಇವತ್ತಿನ ಡೆತ್ ಮೆಟಲ್ ಅನ್ನೋ ಪ್ರಕಾರದಲ್ಲಿ ಎಷ್ಟು ಉಳಿಯುತ್ತೆ? ಬ್ರೆಜಿಲ್‌ನ ಸೆಪುಲ್ಟುರಾದಲ್ಲಿ 1998ರ ಆಲ್ಬಂನಿಂದ ಹಾಡುತ್ತಾ ಬಂದವನು ಡೆರಿಕ್ ಗ್ರೀನ್, ಕಪ್ಪು ಅಮೆರಿಕನ್. ಬೋಟ್ಸ್ವಾನಾದಲ್ಲಿ ಚರ್ಮದ ಜಾಕೆಟ್, ಕೌಬಾಯ್ ಟೋಪಿ ಹಾಕಿಕೊಂಡು ರಸ್ತೆಗಿಳಿಯುವ ಮೆಟಲ್ ಅಭಿಮಾನಿಗಳೇ ಒಂದು ದೊಡ್ಡ ಬಳಗ. ನಮ್ಮ ಈ ಹುಡುಗನ ನೈರೋಬಿಯಲ್ಲೇ ದುಮಾ ಅನ್ನೋ ಜೋಡಿ 2020ರಲ್ಲಿ ತಂದ ಆಲ್ಬಂ ಕೇಳಿದರೆ ಕಿವಿ ಉರಿಯುತ್ತೆ, ಅಷ್ಟು ಜೋರು.

ನಮ್ಮ ಬಳಗದಲ್ಲಿ ಹೊಲಸು ಇಲ್ಲ ಅಂತಲ್ಲ. ನಾಜಿ ಚಿಹ್ನೆ ಹಾಕಿಕೊಂಡು ಹಾಡುವ ಬ್ಲ್ಯಾಕ್ ಮೆಟಲ್ ಬ್ಯಾಂಡ್‌ಗಳಿವೆ. 2016ರ ಜನವರಿಯಲ್ಲಿ ಪ್ಯಾಂಟೆರಾ ಬ್ಯಾಂಡ್‌ನ ಗಾಯಕನಾಗಿದ್ದ ಫಿಲ್ ಆನ್ಸೆಲ್ಮೊ ವೇದಿಕೆ ಮೇಲೆ ನಾಜಿ ಸೆಲ್ಯೂಟ್ ಹೊಡೆದು ಬಿಳಿಯರಿಗೆ ಜೈ ಅಂತ ಕೂಗಿದ, ಆಮೇಲೆ ಕ್ಷಮೆ ಕೇಳಿದ. ಆಗ ಮಷೀನ್ ಹೆಡ್ ಬ್ಯಾಂಡ್‌ನ ಗಾಯಕ ರಾಬ್ ಫ್ಲಿನ್ ಕ್ಯಾಮೆರಾ ಮುಂದೆ ಕೂತು ಇದು ತಪ್ಪು ಅಂತ ಖಡಕ್ಕಾಗಿ ಹೇಳಿದ. ಎಷ್ಟೋ ದೊಡ್ಡವರು ಸುಮ್ನಿದ್ದರು. ಆ ಸುಮ್ಮನಿರುವಿಕೆ ನನಗೆ ಇವತ್ತಿಗೂ ಅರಗಿಲ್ಲ.

ಗುಡ್ಡದಿಂದ ಇಳಿದು ಬರುವಾಗ ಓಣಿಯಲ್ಲಿ ಒಂದು ಬಾರಾತ್ ಸಿಕ್ಕಿತು, ಮುಂದೆ ಮರ್ಫಾ ಅನ್ನೋ ವಾದ್ಯಮೇಳ. ಬೈಕ್ ನಿಲ್ಲಿಸು ಅಂದ. ಹಿಂದೆ ಕೂತವನು ನನ್ನ ಹೆಗಲ ಮೇಲೆ ಎರಡೂ ಕೈಯಿಂದ ಆ ತಾಳ ಬಡಿಯೋಕೆ ಶುರು ಮಾಡಿದ, ಎಲ್ಲೂ ತಪ್ಪಲಿಲ್ಲ. ಮರ್ಫಾ ನಿಜಾಮರ ಕಾಲದಲ್ಲಿ ಯೆಮನ್ ಕಡೆಯ ಅರಬರು ಮತ್ತು ಆಫ್ರಿಕಾದ ಸಿದ್ದಿಗಳ ಮೂಲಕ ಹೈದರಾಬಾದಿನಲ್ಲಿ ಬೆಳೆದದ್ದು. ಅಲ್ಲಿಯ ಎ.ಸಿ. ಗಾರ್ಡ್ಸ್ ಬಡಾವಣೆಯ ಹೆಸರೇ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಅನ್ನೋ ಪಡೆಯಿಂದ ಬಂದದ್ದು. ನಾವೆಲ್ಲ ಕುಣಿಯುವ ತಾಳದಲ್ಲಿ ಅವರ ಪಾಲಿದೆ.

ಸಂಜೆ ಇನ್ನೊಂದು ಕಿರಿಕಿರಿ. ಆಯೋಜಕರಿಗೆ "ಆಫ್ರಿಕಾದಿಂದ ಬಂದ ವಿಶೇಷ ಕಲಾವಿದ" ಅಂತ ಕೂಗಿ ಹೇಳುವ ಆಸೆ. ಅವರದು ಕೆಟ್ಟ ಮನಸ್ಸಲ್ಲ, ಆದರೆ ಉಳಿದ ನಾಲ್ವರನ್ನು ಹೆಸರಿನಿಂದ ಕರೆದು ಅವನೊಬ್ಬನನ್ನು ಖಂಡದಿಂದ ಯಾಕೆ ಕರೀಬೇಕು? ಹೆಸರು ಹೇಳಿ ಅಂತ ಹಟ ಹಿಡಿದೆವು.

ಬಾಡಿಗೆ ಡ್ರಮ್ ಸೆಟ್. ಕಿಕ್ ಡ್ರಮ್ ಕಾರ್ಪೆಟ್ ಮೇಲೆ ಜಾರುತ್ತಿತ್ತು. ಮುಂದೆ ಎರಡು ಇಟ್ಟಿಗೆ ಇಟ್ಟ, ಸ್ಟೂಲ್ ಇಳಿಸಿದ, ಪೆಡಲ್ ಸ್ಪ್ರಿಂಗ್ ಬಿಗಿ ಮಾಡಿದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ "ಏ ಕಾಲಿಯಾ" ಅಂತ ಕೂಗು, ನಗು, ವೆಸ್ಟ್ ಇಂಡೀಸ್ ಕ್ರಿಕೆಟರ್‌ಗಳ ಹೆಸರು. ನಮ್ಮ ಗಾಯಕ ಮೈಕ್ ಹಿಡಿದು, "ಇವನಿಗೊಂದು ಹೆಸರದ. ಅದು ಬಿಟ್ಟು ಬ್ಯಾರೆ ಏನರ ಕೂಗಿದ್ರ ನಾವು ಇಳಿದು ಹೋಗ್ತೀವಿ" ಅಂದ. ನಗು ನಿಂತಿತು.

ಆಮೇಲೆ ಅವನು ನುಡಿಸಿದ್ದು ನೋಡಿ ಎಲ್ಲರೂ ಬಾಯಿ ಬಿಟ್ಟರು ಅಂತ ಬರೆಯಬಹುದು, ಸುಳ್ಳೂ ಅಲ್ಲ. ಕೂಗಿದ ಹುಡುಗರೇ ಆಮೇಲೆ ಸೆಲ್ಫಿಗೆ ಬಂದರು. ಆದರೆ ಅದನ್ನು ನೋಡಿ ಖುಷಿಪಡೋಕೆ ನನಗಾಗಲಿಲ್ಲ. ಅವನು ಸಾಧಾರಣವಾಗಿ ನುಡಿಸಿದ್ದರೂ, ತಾಳ ತಪ್ಪಿಸಿದ್ದರೂ, ಮರ್ಯಾದೆ ಅಷ್ಟೇ ಸಿಗಬೇಕಿತ್ತು ಅಲ್ವಾ? ನಾವು ತಪ್ಪಿಸಿದಾಗ ಯಾರೂ ನಮ್ಮ ಬಣ್ಣ ತೆಗೆದು ಆಡಲ್ಲ. ಕಪ್ಪು ಹುಡುಗ ಮಾತ್ರ ಪ್ರತಿ ವೇದಿಕೆಯಲ್ಲೂ ಎಲ್ಲರಿಗಿಂತ ಮೇಲು ಅಂತ ತೋರಿಸಿಯೇ ಒಳಗೆ ಬರಬೇಕು ಅನ್ನೋದು ಅನ್ಯಾಯ.

ಈ ವರ್ಷ ಅದೇ ಫೆಸ್ಟ್‌ನವರು ಮತ್ತೆ ಕರೆದಿದ್ದಾರೆ. ಮೂರು ಮಾತು ಮುಂಚೆಯೇ ಹೇಳಿದ್ದೇವೆ: ಉಳಿಯೋ ವ್ಯವಸ್ಥೆ ಅವರೇ ಮಾಡಿ ನಮಗೆ ಬರೆದು ಕೊಡಬೇಕು, ಎಲ್ಲರನ್ನೂ ಹೆಸರಿನಿಂದಲೇ ಕರೀಬೇಕು, ಬಣ್ಣದ ಮೇಲೆ ಯಾರಾದರೂ ಕೂಗಿದರೆ ಅವರನ್ನು ಹೊರಗೆ ಕಳಿಸಬೇಕು. ಮೊದಲೆರಡಕ್ಕೆ ಒಪ್ಪಿದ್ದಾರೆ, ಮೂರನೆಯದಕ್ಕೆ ಇನ್ನೂ ಎಳೀತಿದ್ದಾರೆ. ನಾವು ಬಿಡೋದಿಲ್ಲ. ನಮ್ಮ ಹಳೇ ಡ್ರಮ್ಮರ್ ಕೈ ಈಗ ವಾಸಿಯಾಗಿದೆ, ಹೈದರಾಬಾದಿನವನೂ ಬರ್ತೀನಿ ಅಂದಿದ್ದಾನೆ. ಸೆಪುಲ್ಟುರಾ ಹಾಡು ತನಗೇ ಬೇಕು ಅಂತ ಇಬ್ಬರೂ ಗ್ರೂಪ್‌ನಲ್ಲಿ ಕಚ್ಚಾಡ್ತಿದ್ದಾರೆ.